ಸೊಪ್ಪಿನ ಕಾಲದಲ್ಲಿ ಪೇಜು ನೋಡಿಕೊಳ್ಳುವುದು

ಹೊಗೆಸೊಪ್ಪಿನ ಕಾಲ ಶುರುವಾದರೆ ನನ್ನ ಫೋನಿಗೆ ನನ್ನ ಗುರುತು ಸಿಗುವುದಿಲ್ಲ. ಸೊಪ್ಪಿನ ಅಂಟು ಹೆಬ್ಬೆರಳಿಗೆ ಮೆತ್ತಿ, ಒಣಗಿ, ಟಾರಿನ ಹಾಗೆ ಕಪ್ಪಗೆ ಕೂತುಬಿಡುತ್ತದೆ. ಬೂದಿ ಹಾಕಿ ತಿಕ್ಕಿದರೂ ಸೀಮೆಎಣ್ಣೆಯಲ್ಲಿ ಅದ್ದಿದರೂ ಬೆರಳಿನ ಗೆರೆ ಮೇಲಕ್ಕೆ ಬರುವುದಿಲ್ಲ. ಫೋನು ಒಮ್ಮೆ ನಡುಗುತ್ತದೆ, ಇನ್ನೊಮ್ಮೆ ಒತ್ತು ಅನ್ನುತ್ತದೆ, ಮತ್ತೂ ನಡುಗುತ್ತದೆ, ಕೊನೆಗೆ ಸಾಲ ಕೇಳಲು ಬಂದವಳನ್ನು ಜಗಲಿಯಲ್ಲಿ ಕೂರಿಸಿದ ಹಾಗೆ ಸ್ವಲ್ಪ ಹೊತ್ತು ಕಾಯಿ ಎಂದು ಸುಮ್ಮನಾಗುತ್ತದೆ. ಆ ಸ್ವಲ್ಪ ಹೊತ್ತಿನಲ್ಲಿ ಒಳಗೆ ಏನೇನು ಆಗಿಹೋಗುತ್ತಿರಬಹುದು ಎಂದು ಚಿಂತಿಸುವುದು ನನ್ನ ಕಸುಬು. ಯಾರೋ ಚಟ್ನಿಪುಡಿ ಸಿಗುತ್ತಾ ಎಂದು ಕೇಳಿ, ಉತ್ತರ ಕಾಣದೆ, ಬೇರೆ ಕಡೆ ಹೋಗಿರಬಹುದು. ಯಾರೋ ಸತ್ತಿರಬಹುದು, ಎಲ್ಲರೂ ಸಂತಾಪ ಹೇಳಿ ಮುಗಿಸಿರಬಹುದು, ನಾನೊಬ್ಬಳೇ ಹೇಳದೆ ಉಳಿದಿರಬಹುದು.

ಬೇಡ ಬೇಡ ಎನ್ನುತ್ತಲೇ ಇಷ್ಟೊಂದು ಖಾತೆಗಳ ಯಜಮಾನಿಯಾದವಳು ನಾನು. ಎಷ್ಟು ಎಂದು ಎಣಿಸಿಲ್ಲ, ಎಣಿಸಲು ಹೆದರಿಕೆ. ನನ್ನ ತವರು ಚುಂಚನಕಟ್ಟೆ ಕಡೆ, ನಾಲೆ ನೀರಿನ ಗದ್ದೆಯ ಸೀಮೆ. ಕೊಟ್ಟಿದ್ದು ಪಿರಿಯಾಪಟ್ಟಣದ ಕಡೆಯ ಈ ಹೊಗೆಸೊಪ್ಪಿನ ಊರಿಗೆ. ಪಿಯುಸಿ ಪಾಸಾಗಿದ್ದೆ ಎಂಬುದು ಮೊದಲು ಮದುವೆಗೆ ಉಪಯೋಗಕ್ಕೆ ಬಂತು, ಆಮೇಲೆ ಮಹಿಳಾ ಸಂಘದಲ್ಲಿ ಅರ್ಜಿ ಬರೆಯುವುದಕ್ಕೆ, ಈಗ ಇದಕ್ಕೆ. ನಮ್ಮ ಸಂಘದ ಹುಚ್ಚೆಳ್ಳು ಚಟ್ನಿಪುಡಿಯನ್ನು ಬೈಲಕುಪ್ಪೆಯ ಒಂದು ಅಂಗಡಿಯಲ್ಲಿ ಉಣ್ಣೆ ಟೋಪಿಗಳ ಪಕ್ಕ ಇಟ್ಟು ಮಾರುತ್ತಾರೆ. ಗಿರಾಕಿಗಳು ನಿಮ್ಮ ಪೇಜು ಕೇಳುತ್ತಾರೆ ಎಂದು ಆ ಅಂಗಡಿಯ ಟಿಬೆಟಿಯನ್ ಅಮ್ಮ ಹೇಳಿದ ದಿನ ಪೇಜು ಹುಟ್ಟಿತು. ಪೇಜಿಗೆ ಜೊತೆಯಿರಲಿ ಎಂದು ರೀಲ್ಸಿನ ಖಾತೆ. ಅದನ್ನು ನೋಡಿ ಹಂಪಾಪುರದಲ್ಲಿರುವ ನನ್ನ ನಾದಿನಿ, ಅತ್ತಿಗೆ ನಿಮಗೆ ಹೇಗೂ ಬರುತ್ತಲ್ಲ ಎಂದು ತನ್ನ ಬ್ಲೌಸ್ ಕಸೂತಿಯ ಪೇಜನ್ನೂ ನನ್ನ ಕೊರಳಿಗೆ ಹಾಕಿದಳು. ತವರಿನ ಗ್ರೂಪಿಗೆ ಅಡ್ಮಿನ್ ಆಗಿದ್ದ ಚಿಕ್ಕಪ್ಪ ಕಣ್ಣಿನ ಆಪರೇಷನ್ ಮಾಡಿಸಿಕೊಂಡಾಗ ಅದೂ ಬಂತು. ಹಳ್ಳಿಮನೆಯ ದಿನಚರಿ ತೋರಿಸುವ ಚಾನೆಲ್ ಮಾತ್ರ ಯಾರೂ ಹೇಳದೆ ನಾನೇ ತಲೆ ಮೇಲೆ ತಂದುಕೊಂಡದ್ದು. ಎಲ್ಲರ ಮನೆಯದ್ದೂ ನೋಡಿಕೊಳ್ಳುತ್ತೀನಿ, ನನ್ನದೂ ಒಂದಿರಲಿ ಎಂಬ ಹೊಟ್ಟೆಕಿಚ್ಚು. ನನ್ನ ಮೇಲೆ ನನಗೇ.

ಒಂದೊಂದಕ್ಕೂ ಒಂದೊಂದು ಮುಖ ಬೇಕು, ಅದು ಕಷ್ಟ. ಚಟ್ನಿಪುಡಿಯಲ್ಲಿ ನಗುನಗುತ್ತಾ ಇರಬೇಕು. ಬ್ಲೌಸಿನಲ್ಲಿ ಸ್ವಲ್ಪ ಗತ್ತು. ತವರಿನ ಗ್ರೂಪಿನಲ್ಲಿ ತಲೆ ಬಗ್ಗಿಸಿದ ಮಗಳು. ಒಲೆ ಮೇಲೆ ಉಪ್ಸಾರು ಕುದಿಯುತ್ತಿರುವಾಗ ಗತ್ತಿನಿಂದ ನಗುವಿಗೆ, ನಗುವಿನಿಂದ ವಿನಯಕ್ಕೆ ಹೋಗಿಬರುವಷ್ಟರಲ್ಲಿ ಸಾರು ತಳ ಹಿಡಿದಿರುತ್ತದೆ. ನನ್ನ ಗಂಡ ಉಂಡು ಏನೂ ಹೇಳುವುದಿಲ್ಲ. ಕೈ ತೊಳೆಯುವಾಗ, ಇವತ್ತು ಯಾವ ಪೇಜಿನ ಸಾರು ಎಂದು ಕೇಳುತ್ತಾನೆ, ಅಷ್ಟೆ.

ಇದೆಲ್ಲದರ ಮೇಲೆ ಮುಯ್ಯಿ. ನಮ್ಮಲ್ಲಿ ಸೊಪ್ಪು ಕಟ್ಟುವುದು ಮುಯ್ಯಾಳಿನ ಕೆಲಸ. ಬೆಳಿಗ್ಗೆ ಗಂಡಸರು ಹೊಲದಲ್ಲಿ ಎಲೆ ಮುರಿದು ತಂದು ಸುರಿಯುತ್ತಾರೆ. ಹೆಂಗಸರು ಕೂತು ಅದನ್ನು ಉದ್ದ ಕಡ್ಡಿಗೆ ದಾರದಲ್ಲಿ ಜೋಡಿಜೋಡಿಯಾಗಿ ಕಟ್ಟುತ್ತೇವೆ. ಬ್ಯಾರನ್ನು ಎಂದು ಕರೆಯುವ ಎತ್ತರದ ಬೇಯಿಸುವ ಮನೆಯೊಳಗೆ ಆ ಕಡ್ಡಿಗಳನ್ನು ಸಾಲಾಗಿ ತೂಗುಹಾಕಿ ಸಂಜೆಗೆ ಬೆಂಕಿ ಕೊಡಬೇಕು. ಮುರಿದ ಎಲೆ ಅವತ್ತೇ ಮೇಲೇರಬೇಕು. ರಾಶಿಯಲ್ಲೇ ಉಳಿದರೆ ಒಳಗೊಳಗೇ ಬಿಸಿಯಾಗಿ ಕೊಳೆಯುತ್ತದೆ. ಒಂದು ಮನೆಯವರಿಂದ ಆಗುವ ಕೆಲಸವಲ್ಲ. ಅದಕ್ಕೇ ನಮ್ಮ ಕೇರಿಯ ಹೆಂಗಸರು ಇವತ್ತು ನನ್ನ ಮನೆಗೆ, ನಾಳೆ ನಿನ್ನ ಮನೆಗೆ ಎಂದು ಹೋಗಿಬರುತ್ತೇವೆ. ಕೂಲಿ ಇಲ್ಲ. ಬಂದ ದಿನಕ್ಕೆ ಬಂದ ದಿನ, ಅದೇ ಮುಯ್ಯಿ. ನಾನು ಈ ಊರಿನವಳಲ್ಲದ್ದರಿಂದ ನನಗೆ ಕಟ್ಟಲು ಸರಿಯಾಗಿ ಬರುವುದಿಲ್ಲ. ನನ್ನ ಗಂಟು ಜಾರುತ್ತದೆ. ಬ್ಯಾರನ್ನಿನೊಳಗೆ ಸೊಪ್ಪು ಉದುರಿದರೆ ಎಲ್ಲರೂ ನನ್ನ ಕಡೆ ನೋಡುತ್ತಾರೆ. ಆದರೂ ಇಷ್ಟು ವರ್ಷ ನನ್ನ ಒಂದು ದಿನವನ್ನು ಅವರ ಒಂದು ದಿನಕ್ಕೆ ಸಮ ಎಂದೇ ಇಟ್ಟುಕೊಂಡು ಬಂದರು.

ಈ ಲೆಕ್ಕ ಫೋನಿಗೂ ಇಳಿದದ್ದು ಯಾವಾಗ ಎಂದು ಗೊತ್ತಿಲ್ಲ. ನಮ್ಮ ಗುಂಪಿನಲ್ಲಿ ಫೋನು ಇರುವವರೆಲ್ಲ ಲೈಕನ್ನೂ ಮುಯ್ಯಿಯಾಗಿಯೇ ನೋಡುತ್ತಾರೆ. ಚಟ್ನಿಪುಡಿಗೆ ಯಾರು ಹೃದಯ ಒತ್ತಿದರೋ ಅವರ ಮಗುವಿನ ಹುಟ್ಟುಹಬ್ಬಕ್ಕೆ ನಾನು ಒತ್ತಬೇಕು. ಸುಮ್ಮನೆ ಒತ್ತಿದರೆ ಸಾಲದು, ಅವರು ನಾಲ್ಕು ಮಾತು ಬರೆದಿದ್ದರೆ ನಾನೂ ಬರೆಯಬೇಕು. ಅವರಿಗೆ ಒಂದೊಂದೇ ಖಾತೆ, ನನಗೆ ಹಿಂಡು. ಚಟ್ನಿಪುಡಿಗೆ ಬಂದದ್ದನ್ನು ಚಟ್ನಿಪುಡಿಯಿಂದಲೇ ತೀರಿಸಬೇಕೋ, ನನ್ನ ಹೆಸರಿನಿಂದ ತೀರಿಸಿದರೆ ನಡೆಯುತ್ತದೋ? ಇದನ್ನು ಯಾರ ಹತ್ತಿರ ಕೇಳುವುದು? ಎದುರು ಮನೆಯ ಸೊಸೆ ರೀಲ್ಸ್ ಮಾಡುತ್ತಾಳೆ, ದಿನಕ್ಕೆ ಒಂದಾದರೂ ಇರುತ್ತದೆ. ಅವಳ ಬಾಕಿ ಎಂದೂ ತೀರುವುದಿಲ್ಲ. ಬೀದಿಯಲ್ಲಿ ಸಿಕ್ಕಾಗ ಅವಳು ಸ್ವಲ್ಪ ತಡೆದು ನಕ್ಕರೆ ನನಗೆ ಅವತ್ತೆಲ್ಲ ತಲೆನೋವು.

ಸೊಪ್ಪಿನ ಕಾಲಕ್ಕೆ ಏನು ಮಾಡುವುದು ಎಂದು ಒದ್ದಾಡುತ್ತಿದ್ದಾಗ ಒಂದು ಉಪಾಯ ಸಿಕ್ಕಿತು. ಮೊದಲೇ ವಿಡಿಯೊ ಮಾಡಿ, ಮಾತು ಬರೆದು, ಇಂಥ ದಿನ ಇಂಥ ಹೊತ್ತಿಗೆ ಹಾಕು ಎಂದು ಹೇಳಿಟ್ಟರೆ ಅದು ತಾನೇ ಹಾಕಿಕೊಳ್ಳುತ್ತದೆಯಂತೆ. ನಾದಿನಿ ಹೇಳಿಕೊಟ್ಟಳು. ಕೈ ಶುದ್ಧವಿದ್ದ ದಿನಗಳಲ್ಲಿ ಕೂತು, ಕೈ ಕಪ್ಪಾಗುವ ದಿನಗಳಿಗೆಲ್ಲ ತುಂಬಿಸಿಟ್ಟೆ. ಅಂದರೆ ಯಾವ ದಿನ ನಮ್ಮ ಮನೆಯಲ್ಲಿ ಸೊಪ್ಪು ಕಟ್ಟುವುದಿದೆಯೋ ಆ ದಿನಕ್ಕೆ ಖಂಡಿತ ಏನಾದರೂ ಇರುವ ಹಾಗೆ. ಉಪ್ಪಿನಕಾಯಿ ಜಾಡಿ ತುಂಬಿ ಬಟ್ಟೆ ಕಟ್ಟಿದ ಹಾಗೆ ನೆಮ್ಮದಿ. ಆ ನೆಮ್ಮದಿ ರಾತ್ರಿಯವರೆಗೂ ಇರಲಿಲ್ಲ. ಊಟಕ್ಕೆ ಕೂತಾಗ ಹೊಳೆಯಿತು: ನಾನು ಸತ್ತುಹೋದರೆ? ಒಳಗೆ ನನ್ನನ್ನು ಮಲಗಿಸಿರುತ್ತಾರೆ, ಹೊರಗೆ ಚಾನೆಲಿನಲ್ಲಿ ನಾನು ಹುಚ್ಚೆಳ್ಳು ಹುರಿಯುತ್ತಾ ಬನ್ನಿ ಸ್ನೇಹಿತರೆ ಎನ್ನುತ್ತಿರುತ್ತೇನೆ. ಗಂಡನಿಗೆ ಹೇಳಿದೆ. ಅವನು, ಪುಡಿಗೆ ಆರ್ಡರ್ ಬಂದರೆ ಯಾರಿಗೆ ಹೇಳಬೇಕು ಅದನ್ನು ಹೇಳಿ ಸಾಯಿ ಎಂದ.

ಗೌರಿಹಬ್ಬ ಮುಗಿದ ಮೇಲೆ ಮೊದಲ ಸರದಿ ನಮ್ಮದು ಎಂದು ಮಾತಾಗಿತ್ತು. ಅವತ್ತು ಬೆಳಿಗ್ಗೆ ಬೇಗನೆ ನನ್ನ ಗಂಡನೂ ಮೈದುನನೂ ಎಲೆ ಮುರಿದು ತಂದು ಹೊಂಗೆಮರದ ಕೆಳಗೆ ಸುರಿದರು. ಕಡ್ಡಿ, ದಾರ, ಕೂರಲು ಗೋಣಿಚೀಲ ಎಲ್ಲ ಇಟ್ಟೆ. ಕಾಫಿಗೆ ನೀರಿಟ್ಟೆ. ಹೆಂಗಸರು ಬರಲಿಲ್ಲ. ನಾನೊಬ್ಬಳೇ ಕೂತು ಕಟ್ಟಲು ಶುರು ಮಾಡಿದೆ. ಕೈ ಕಪ್ಪಾಯಿತು, ರಾಶಿ ಅಲುಗಲಿಲ್ಲ. ಬಿಸಿಲು ಮರದ ಈ ಮಗ್ಗುಲಿಗೆ ತಿರುಗಿತು.

"ಬತ್ತಾರೆ ಬುಡು" ಎಂದ ಗಂಡ. ಅವನು ಎಲ್ಲಕ್ಕೂ ಹೇಳುವ ಮಾತು ಅದು, ಮಳೆಗೂ ಬಸ್ಸಿಗೂ.

ನನಗೆ ಆಗಲೇ ಗೊತ್ತಾಗಿಹೋಗಿತ್ತು, ಅಂದರೆ ಗೊತ್ತಾಯಿತು ಅಂದುಕೊಂಡೆ. ಮುಯ್ಯಿ ಬಾಕಿ. ಹಬ್ಬದಲ್ಲಿ ಎಲ್ಲರೂ ಬಾಗಿನದ ಫೋಟೋ, ಹೊಸ ಸೀರೆಯ ಫೋಟೋ, ಹೋಳಿಗೆಯ ಫೋಟೋ ಹಾಕಿದ್ದರು. ನಾನು ಯಾವುದಕ್ಕೂ ಏನೂ ಒತ್ತಿರಲಿಲ್ಲ. ಸಂಘದ ಪುಡಿಗೆ ಹಬ್ಬದ ಆರ್ಡರು, ನಾದಿನಿಗೆ ಹಬ್ಬದ ಬ್ಲೌಸು. ಓಡಿಹೋಗಿ ಬೂದಿ, ಸೀಮೆಎಣ್ಣೆ, ನಿಂಬೆಹೋಳು, ಕಲ್ಲು ಎಲ್ಲದರಲ್ಲೂ ಹೆಬ್ಬೆರಳು ತಿಕ್ಕಿದೆ. ಚರ್ಮ ಸುಲಿಯಿತು, ಫೋನು ಒಪ್ಪಿತು. ಬಚ್ಚಲಿನ ಕಲ್ಲಿನ ಮೇಲೆ ಕೂತು ತೀರಿಸಲು ಶುರುಮಾಡಿದೆ. ಬಾಗಿನಕ್ಕೆ ಹೃದಯ, ಸೀರೆಗೆ ಹೃದಯ, ಹೋಳಿಗೆಗೆ ಹೃದಯ. ಒಬ್ಬರ ಮೇಕೆ ಕಳೆದುಹೋಗಿದೆ, ಕಂಡವರು ತಿಳಿಸಿ ಎಂದಿದ್ದಕ್ಕೂ ಹೃದಯ. ನನ್ನ ಚಾನೆಲಿನಲ್ಲಿ ಎದುರು ಮನೆಯ ಸೊಸೆ ಅವತ್ತು ಬೆಳಿಗ್ಗೆ ಕೈಮುಗಿದ ಚಿಹ್ನೆ ಹಾಕಿದ್ದು ಕಂಡಿತು. ಯಾವುದಕ್ಕೆ ಎಂದು ನೋಡಲು ಪುರುಸೊತ್ತೆಲ್ಲಿ? ಇಷ್ಟು ಸಿಟ್ಟಿನಲ್ಲೂ ಕೈ ಮುಗಿದಿದ್ದಾಳಲ್ಲ ಎಂದು ಕರಗಿ, ಅದಕ್ಕೂ ಒಂದು ಹೃದಯ ಒತ್ತಿದೆ.

ಅಷ್ಟು ಮಾಡಿ ಬಾಗಿಲಿಗೆ ಬಂದು ನಿಂತರೆ ಬೀದಿ ಖಾಲಿ. ಒತ್ತಿದ ತಕ್ಷಣ ಬಂದುಬಿಡುತ್ತಾರೆ ಎಂದು ಏಕೆ ಅಂದುಕೊಂಡೆನೋ. ಗಂಡ ರಾಶಿಯೊಳಗೆ ಮೊಣಕೈವರೆಗೂ ಕೈ ತೂರಿಸಿ ನೋಡುತ್ತಿದ್ದ. "ಮಧ್ಯದಲ್ಲಿ ಬೆಚ್ಚಗಾಯ್ತಾ ಅದೆ. ನೀನೇ ಓಗಿ ಕರಿ" ಎಂದ. ಅವನ ದನಿಯಲ್ಲಿ ಬುಡು ಇರಲಿಲ್ಲ.

ನಮ್ಮ ಗುಂಪು ಕೆರೆ ಹಿಂದಿನ ಶುಂಠಿ ಹೊಲದಲ್ಲಿ ಸಿಕ್ಕಿತು. ಕೇರಿಯ ಇನ್ನೊಬ್ಬರ ಹೊಲ, ಎಲ್ಲರೂ ಸಾಲು ಹಿಡಿದು ಬಗ್ಗಿ ಗಿಡಕ್ಕೆ ಮಣ್ಣು ಕೊಡುತ್ತಿದ್ದರು. ನಾನು ಬದುವಿನ ಮೇಲೆ ನಿಂತದ್ದು ಎಲ್ಲರಿಗೂ ಕಂಡಿತು, ಯಾರೂ ತಲೆ ಎತ್ತಲಿಲ್ಲ. ಗುಂಪಿನ ಹಿರಿಯಾಕೆ, ಯಾರ ಸರದಿ ಯಾವಾಗ ಎಂದು ತೀರ್ಮಾನಿಸುವವಳು, ಸಾಲಿನ ಮುಂದಿದ್ದಳು. ಅವಳೂ ಎತ್ತಲಿಲ್ಲ. ಸೊಪ್ಪು ಹಾಗೇ ಬಿದ್ದಿದೆ, ಯಾಕೆ ಬರಲಿಲ್ಲ ಎಂದು ಕೇಳಿದೆ. ಹಬ್ಬದ ಫೋಟೋಗಳಿಗೆಲ್ಲ ಈಗ ತಾನೇ ಒತ್ತಿ ಬಂದೆ ಎಂದೂ ಹೇಳಿಬಿಟ್ಟೆ.

ಉತ್ತರ ಎದುರು ಮನೆಯ ಸೊಸೆಯಿಂದ ಬಂತು. "ನಿಂಗ್ಯಾಕಕ್ಕ ನಾವು? ಪ್ಯಾಟೆಯಿಂದ ಕೂಲಿಯೋರ ಕರ್ಕಬಂದು ಕಟ್ಸಿ, ಬ್ಯಾರನ್ನು ತುಂಬ್ಸಿ, ಇಡೀ ಊರ್ಗೆ ತೋರ್ಸಿದ್ಯಲ್ಲ. ನಾನು ಕೈಮುಗ್ದೆ. ಅದ್ಕೂ ಒಂದು ಹೃದಯ ಒತ್ತಿದ್ಯ, ನಿನ್ನ ಗುಂಡಿಗೆಗೆ ಮೆಚ್ಬೇಕು ಕಣಕ್ಕ."

ನನಗೆ ಒಂದೂ ಅರ್ಥವಾಗಲಿಲ್ಲ. ಅವಳು ಸೊಂಟದಿಂದ ಫೋನು ತೆಗೆದು ಹಿಡಿದಳು. ನನ್ನದೇ ಚಾನೆಲ್. ಅವತ್ತು ಬೆಳಿಗ್ಗೆ ಕಾಫಿ ಹೊತ್ತಿಗೆ ಬಂದದ್ದು. ಪರದೆಯ ತುಂಬ ಬರೀ ಕೈಗಳು, ಸೊಪ್ಪು ಜೋಡಿಸುತ್ತಾ, ದಾರ ಸುತ್ತುತ್ತಾ. ಆಮೇಲೆ ತುಂಬಿದ ಬ್ಯಾರನ್ನು. ಕೆಳಗೆ ನನ್ನ ಸಾಹಿತ್ಯ: ಇವತ್ತು ನಮ್ಮ ಬ್ಯಾರನ್ನು ತುಂಬಿತು, ಕಟ್ಟಿದ ಕೈಗಳಿಗೆ ನಮಸ್ಕಾರ.

ಅದು ಹಬ್ಬಕ್ಕೆ ಮುಂಚಿನ ಸರದಿಯದ್ದು. ಮುಖ ತೋರಿಸಬೇಡ ಎಂದು ಎಲ್ಲರೂ ಹೇಳಿದ್ದರಿಂದ ಕೈ ಮಾತ್ರ ಹಿಡಿದಿದ್ದೆ. ನಮ್ಮ ಮುಂದಿನ ಸರದಿಯ ದಿನ ನನ್ನ ಕೈ ಕಪ್ಪಾಗಿರುತ್ತದೆ, ಅವತ್ತಿಗೆ ಇರಲಿ ಎಂದು ಇಟ್ಟಿದ್ದೆ. ಇಟ್ಟಿದ್ದು ಮರೆತಿದ್ದೆ. ಇವತ್ತು ಎಂದು ಬರೆದದ್ದು ಬರೆದ ದಿನದ ಇವತ್ತೋ, ಹಾಕುವ ದಿನದ ಇವತ್ತೋ ಎಂದು ಯೋಚಿಸಿಯೇ ಇರಲಿಲ್ಲ. ಏನೆಲ್ಲ ಯೋಚಿಸಿದವಳು, ಸತ್ತ ಮೇಲಿನದ್ದೂ ಯೋಚಿಸಿದವಳು, ಇದೊಂದು ಬಿಟ್ಟಿದ್ದೆ.

ಹೇಳಿದೆ. ಎಲ್ಲರ ಕಡೆ ತಿರುಗಿ ತಿರುಗಿ ಹೇಳಿದೆ. ಇವು ನಿಮ್ಮವೇ ಕೈ, ನಾನು ಇವತ್ತು ಏನೂ ಹಾಕಿಲ್ಲ, ಮೊದಲೇ ಹೇಳಿಟ್ಟರೆ ಅದೇ ಹಾಕುತ್ತದೆ. ನೀನು ಹಾಕದೆ ಅದೇ ಹೇಗೆ ಹಾಕುತ್ತದೆ ಎಂದು ಒಬ್ಬಾಕೆ ಕೇಳಿದಳು. ಹೇಗೆ ಹಾಕುತ್ತದೆ ಎಂದು ನನಗೂ ಗೊತ್ತಿರಲಿಲ್ಲ. ಇವು ನಮ್ಮ ಕೈ ಆಗಿದ್ದರೆ ಬಳೆ ಎಲ್ಲಿ ಎಂದು ಸೊಸೆ ಕೇಳಿದಳು. ಹಬ್ಬಕ್ಕೆ ಎಲ್ಲರೂ ಮೊಣಕೈವರೆಗೆ ಹಸಿರು ಗಾಜಿನ ಬಳೆ ತೊಟ್ಟಿದ್ದರು. ವಿಡಿಯೊದ ಕೈಗಳಲ್ಲಿ ಒಂದೋ ಎರಡೋ ಹಳೆಯ ಬಳೆ, ಮಿಕ್ಕದ್ದೆಲ್ಲ ಅಂಟಿನ ಕಪ್ಪು. ಆ ಕಪ್ಪಿನಲ್ಲಿ ಯಾರ ಕೈ ಆದರೂ ಒಂದೇ. ಹಬ್ಬಕ್ಕೆ ಮುಂಚೆ ಬಳೆ ಎಲ್ಲಿತ್ತು ಎಂದು ನಾನು ಕೇಳಿದ್ದು ಜಗಳದ ಹಾಗೆ ಕೇಳಿಸಿತು.

"ಆಯ್ತು ಬುಡಕ್ಕ" ಎಂದಳು ಅವಳು. "ಇನ್ಮೇಲೆ ಕರೆಯಂಗಿದ್ರೆ ಕೂಲಿಗೆ ಕರಿ, ಬತ್ತೀವಿ. ಮುಯ್ಯಿಗೆ ಕರೀಬ್ಯಾಡ."

ನಮ್ಮ ಕಡೆಯವರಲ್ಲದವರಿಗೆ ಇದು ಸಣ್ಣ ಮಾತು ಅನ್ನಿಸಬಹುದು. ಕೂಲಿಗೆ ಕರಿ ಎಂದರೆ ನೀನು ಬೇರೆ, ನಾವು ಬೇರೆ ಎಂದು. ಆಮೇಲೆ ನನ್ನ ಮನೆಯಲ್ಲಿ ಬಾಣಂತನವಾದರೆ, ಸಾವಾದರೆ, ರಾಗಿ ಕೊಯ್ಲಾದರೆ ಯಾರೂ ತಾವಾಗಿ ಬರುವುದಿಲ್ಲ. ಒಂದು ರಾಶಿ ಸೊಪ್ಪು ಹೋದರೆ ಹೋಗಲಿ, ಮುಂದಿನ ವಾರ ಇನ್ನೊಂದು ಎಲೆ ಬಲಿಯುತ್ತದೆ. ಇದು ಹೋದರೆ? ಇಷ್ಟು ವರ್ಷ ಜಾರುವ ಗಂಟು ಹಾಕಿಕೊಂಡು ಈ ಹೆಂಗಸರ ನಡುವೆ ಕೂತಿದ್ದೇನೆ. ಆ ಹೊತ್ತಿನಲ್ಲೇ ಸೊಂಟದಲ್ಲಿ ನನ್ನ ಫೋನು ನಡುಗಿತು. ನಾದಿನಿ ಇರಬೇಕು, ಬ್ಲೌಸು. ಕೈ ತಾನಾಗಿ ಅತ್ತ ಹೋದದ್ದನ್ನು ಎಲ್ಲರೂ ನೋಡಿದರು.

ಹಿರಿಯಾಕೆ ಆಗ ಸೊಂಟ ಹಿಡಿದುಕೊಂಡು ಎದ್ದು ನಿಂತಳು. ಅವಳ ಹತ್ತಿರ ಫೋನಿಲ್ಲ. ಬೆಳಿಗ್ಗೆ ವಿಡಿಯೊ ನೋಡಿದವಳೂ ಅಲ್ಲ, ಸೊಸೆ ನೋಡಿ ಹೇಳಿದ್ದನ್ನು ಕೇಳಿ ಎಲ್ಲರನ್ನೂ ಇಲ್ಲಿಗೆ ಕರೆತಂದಿದ್ದಳು. ಕೊಡು ಇಲ್ಲಿ ಎಂದು ಫೋನು ಇಸಿದುಕೊಂಡು, ಸೂಜಿಗೆ ದಾರ ಪೋಣಿಸುವವಳ ಹಾಗೆ ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು. ಮತ್ತೆ ಹಾಕು ಎಂದಳು. ಸೊಸೆ ಹಾಕಿದಳು. ಮತ್ತೆ ಎಂದಳು. ಶುಂಠಿ ಸಾಲಿನಲ್ಲಿ ಎಲ್ಲರೂ ಕೈ ನಿಲ್ಲಿಸಿದ್ದರು. ಹೊಲದ ಯಜಮಾನ ಬೇಲಿ ಹತ್ತಿರ ಬೀಡಿ ಹಚ್ಚಿಕೊಂಡು, ಇದು ಯಾವಾಗ ಮುಗಿಯುತ್ತದೋ ಎಂದು ನೋಡುತ್ತಿದ್ದ.

"ಇದು ನನ್ ಗಂಟು ಕಣೇ" ಎಂದಳು ಹಿರಿಯಾಕೆ. "ಎಡಕ್ಕೆ ಒಂದ್ ತಿರುವು ಜಾಸ್ತಿ ಆಕ್ತೀನಿ ನಾನು. ನಮ್ಮವ್ವಂದು ಅದು. ಈ ಊರಲ್ಲಿ ಇನ್ಯಾರೂ ಆಕಲ್ಲ." ಆಮೇಲೆ ಪರದೆಗೆ ಬೆರಳು ತೋರಿಸಿ, "ಇದು ಇವಳ್ದೇ ಇರ್ಬೇಕು, ನೋಡು, ಆಗ್ಲೇ ಜಾರ್ತಾ ಅದೆ" ಎಂದಳು.

ಯಾರೋ ಮೂಗಿನಲ್ಲಿ ನಕ್ಕರು. ಸೊಸೆ ನಗಲಿಲ್ಲ, ಫೋನನ್ನು ಸೆರಗಿನಿಂದ ಒರೆಸಿ ಒಳಗಿಟ್ಟುಕೊಂಡಳು. ನಾನು ಈಗಲೇ ಹೊರಡೋಣ ಎಂದೆ. ಆಗುವುದಿಲ್ಲ ಎಂದಳು ಹಿರಿಯಾಕೆ. ಈ ಹೊಲದವರಿಗೆ ಮಾತು ಕೊಟ್ಟಾಗಿದೆ, ಹಿಡಿದ ಸಾಲು ಮುಗಿಸದೆ ಎದ್ದರೆ ನಾಳೆ ಅವರು ಬದುವಿನ ಮೇಲೆ ನಿಂತು ಕೇಳುತ್ತಾರೆ. ಹಾಗಾದರೆ ಬೇಗ ಮುಗಿಯಲಿ ಎಂದು ನಾನೂ ಸೀರೆ ಎತ್ತಿಕಟ್ಟಿ ಒಂದು ಸಾಲು ಹಿಡಿದೆ. ಅಲ್ಲಿ ಮಣ್ಣು ಎಳೆಯುತ್ತಿದ್ದರೂ ತಲೆ ಮಾತ್ರ ಹೊಂಗೆಮರದ ಕೆಳಗೆ, ರಾಶಿಯ ಮಧ್ಯದಲ್ಲಿ. ಎರಡು ಗಿಡದ ಬುಡ ಕಿತ್ತೆ. ಯಾರೂ ನೋಡಲಿಲ್ಲ ಎಂದುಕೊಂಡು ಮತ್ತೆ ನೆಟ್ಟೆ.

ಮಧ್ಯಾಹ್ನದ ಊಟ ಬಿಟ್ಟು ಅವರು ನಮ್ಮ ಮನೆಗೆ ಬಂದರು. ರಾಶಿಯ ನಡುವಿನ ಎಲೆ ಬೆಂದ ಸೊಪ್ಪಿನ ಹಾಗೆ ಮೆತ್ತಗಾಗಿತ್ತು. ಗಂಡ ಅಷ್ಟನ್ನೂ ಮಂಕರಿಯಲ್ಲಿ ತುಂಬಿ ತಿಪ್ಪೆಗೆ ಹಾಕಿದ. ಉಳಿದದ್ದನ್ನು ಕಟ್ಟಿದೆವು. ಇದು ಮುಯ್ಯಿಯೋ ಕೂಲಿಯೋ ಎಂದು ನನಗೆ ಗೊತ್ತಿಲ್ಲ, ಕೇಳಲು ಧೈರ್ಯವಿಲ್ಲ. ಒಳಗೆ ಹೋಗಿ ಕಾಫಿ ತಂದೆ, ಚುರುಮುರಿ ತಂದೆ, ಬಾಳೆಹಣ್ಣು ತಂದೆ. ಕೂಲಿಯವರಿಗೂ ಕಾಫಿ ಕೊಡುತ್ತೇವೆ, ಅದರಿಂದ ಏನೂ ತಿಳಿಯುವುದಿಲ್ಲ. ನಾಳೆ ಯಾರ ಮನೆ ಎಂದು ಯಾರಾದರೂ ಮಾತೆತ್ತಿದರೆ ತಿಳಿಯುತ್ತಿತ್ತು. ಯಾರೂ ಎತ್ತಲಿಲ್ಲ. ಬಿಸಿಲು ಇಳಿಯುವಷ್ಟರಲ್ಲಿ ಬ್ಯಾರನ್ನು ಮುಕ್ಕಾಲು ತುಂಬಿತು, ಮೇಲಿನ ಸಾಲು ಖಾಲಿ ಉಳಿಯಿತು. ಗಂಡ ಒಲೆಗೆ ಸೌದೆ ಹಾಕಿದ.

ಹೆಂಗಸರು ಕೈ ತೊಳೆಯಲು ಎದ್ದಾಗ ನಾನೇ ಕೇಳಿದೆ, ನಾಳೆ ಯಾರ ಮನೆಗೆ ಬರಲಿ ಎಂದು. ಎಲ್ಲರೂ ಹಿರಿಯಾಕೆಯ ಮುಖ ನೋಡಿದರು.

ಅವಳು ಅಂಗೈಗೆ ಬೂದಿ ಹಾಕಿಕೊಂಡು ತಿಕ್ಕುತ್ತಾ, "ನೀನು ಬಂದು ಕಟ್ಟೋದೂ ಒಂದೇ, ಕಟ್ದೆ ಇರೋದೂ ಒಂದೇ ಕಣವ್ವ. ನಿನ್ ಗಂಟ ನಾವು ಇನ್ನೊಂದ್ಸಲ ಕಟ್ತೀವಿ" ಎಂದಳು. ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಅವಳು ಮುಗಿಸಿರಲಿಲ್ಲ. "ಸೊಪ್ಪಿಗೆ ಬಾ, ಬ್ಯಾಡ ಅನ್ನಲ್ಲ. ಅದ್ರ ಮ್ಯಾಲೆ ನಂಗೂ ಒಂದು ಅದ ಮಾಡ್ಕೊಡು. ನಾಟಿ ಕೋಳಿ ಸಾಕಿದ್ದೀನಲ್ಲ, ನಿನ್ ಚಟ್ನಿಪುಡಿಗೆ ಆದಂಗೆ ನನ್ ಕೋಳಿಗೂ ಆಗ್ಲಿ."

ಒಪ್ಪಿಕೊಂಡೆ. ಆ ಗಳಿಗೆಯಲ್ಲಿ ಅವಳ ಎಮ್ಮೆಗೂ ಅವಳ ತುಳಸಿಕಟ್ಟೆಗೂ ಒಂದೊಂದು ಪೇಜು ಮಾಡಿಕೊಡು ಎಂದಿದ್ದರೂ ಒಪ್ಪುತ್ತಿದ್ದೆ. ಸೊಸೆ ಕೂಡ, ಕೈ ಒರೆಸಿಕೊಳ್ಳುತ್ತಾ ಬೇರೆ ಕಡೆ ನೋಡಿಕೊಂಡು, ತನ್ನ ರೀಲ್ಸಿಗೆ ಕೆಳಗೆ ಬರೆಯುವ ಮಾತು ನಾನೇ ಬರೆದುಕೊಟ್ಟರೆ ಆಗುತ್ತದೆ ಎಂದಳು. ಇವತ್ತು ನಾಳೆ ಎಲ್ಲ ಸರಿಯಾಗಿ ನೋಡಿ ಬರಿ ಎಂದೂ ಸೇರಿಸಿದಳು. ಹೋಗುವಾಗ ಹಿರಿಯಾಕೆ ಬಾಗಿಲಲ್ಲಿ ನಿಂತು ಒಂದು ಷರತ್ತು ಹಾಕಿದಳು: ಅವಳ ಕೋಳಿಯದ್ದನ್ನು ಮೊದಲೇ ಮಾಡಿ ಇಡುವಂತಿಲ್ಲ. ಅವಳ ಹಟ್ಟಿಗೆ ಬಂದು, ಅವಳ ಕಣ್ಣೆದುರಿಗೇ ತೆಗೆದು, ಅವಳ ಕಣ್ಣೆದುರಿಗೇ ಹಾಕಬೇಕು.

ಹಾಗಾಗಿ ಈಗ ಅವಳು ಕರೆದಾಗಲೆಲ್ಲ ಹೋಗುತ್ತೇನೆ. ಅವಳಿಗೆ ಫೋನಿಲ್ಲವಾದ್ದರಿಂದ ಬೀದಿಯ ಆ ತುದಿಯಿಂದ ಕೂಗುತ್ತಾಳೆ. ಹೇಂಟೆ ಕಾವಿಗೆ ಕೂತಿದೆ ಬಾ, ಮರಿ ಹೊರಗೆ ಬಂತು ಬಾ, ಹುಂಜಕ್ಕೆ ಇವತ್ತು ಬಣ್ಣ ಚೆನ್ನಾಗಿ ಬಂದಿದೆ ಬಾ. ಕೋಳಿ ಎಂಬ ಪ್ರಾಣಿ ಒಂದು ಕಡೆ ನಿಲ್ಲುವುದಿಲ್ಲ ಎಂದು ಇಷ್ಟು ದಿನ ಗೊತ್ತಿದ್ದೂ ಗೊತ್ತಿರಲಿಲ್ಲ. ಅದರ ಹಿಂದೆ ಬಗ್ಗಿಕೊಂಡು ಹಟ್ಟಿಯ ಸುತ್ತ ಓಡುತ್ತೇನೆ. ಬೆರಳು ಒತ್ತಿದರೆ ಫೋನು ನಡುಗುತ್ತದೆ. ಉಡಿಯಲ್ಲಿ ಕಟ್ಟಿಕೊಂಡು ಬಂದ ನಿಂಬೆಹೋಳಿನಿಂದ ಬೆರಳು ತಿಕ್ಕುತ್ತೇನೆ. ಅಷ್ಟರಲ್ಲಿ ಹಂಪಾಪುರದಿಂದ ನಾದಿನಿಯ ಕರೆ, ನವಿಲು ಬಣ್ಣದ ಬ್ಲೌಸು ಯಾಕೆ ಇನ್ನೂ ಹಾಕಿಲ್ಲ ಎಂದು. ಹಿರಿಯಾಕೆ ಜಗಲಿಯಲ್ಲಿ ಕೂತು ಅಡಿಕೆ ಕತ್ತರಿಸುತ್ತಾ ನನ್ನ ಹೆಬ್ಬೆರಳನ್ನೇ ನೋಡುತ್ತಿರುತ್ತಾಳೆ.

"ಆಕಿದ್ಯಾ?"

ಇನ್ನೂ ಇಲ್ಲ ಎನ್ನುತ್ತೇನೆ.

"ನಾನೆಲ್ಲೂ ಓಗಲ್ಲ. ನಿಧಾನಕ್ಕೆ ಆಕು."